ಡೇ ಕೇರಲ್ಲಿ ಜೊತೆಗಿದ್ದ ಮಗೂಗೆ ಹೆಪಟೈಟಿಸ್ ಬಿ ಬಂದಿದೆ, ಕೀಮೋ ತಗೊಳ್ತಿರೋ ನನ್ನ ಮಗನಿಗೂ ಬರತ್ತಾ?

ಪ್ರಶ್ನೆ: ನನ್ನ ಮಗನಿಗೆ 5 ವರ್ಷ, ಬಿ-ಎಎಲ್‌ಎಲ್ ಬ್ಲಡ್ ಕ್ಯಾನ್ಸರ್, 7 ತಿಂಗಳಿಂದ ಬೆಂಗಳೂರಲ್ಲಿ ಕೀಮೋ ನಡೀತಿದೆ. ಹೋದ ವಾರ ಅವನ ಜೊತೆಗೇ ಆಸ್ಪತ್ರೆಯ ಡೇ ಕೇರಿಗೆ (ಕೀಮೋ ತಗೊಂಡು ಅವತ್ತೇ ಮನೆಗೆ ಹೋಗೋ ವಾರ್ಡಿಗೆ) ಬರೋ ಹುಡುಗಿಗೆ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಗೊತ್ತಾಯ್ತು. ನನ್ನ ಮಗನಿಗೆ ಹುಟ್ಟಿದಾಗಿಂದ ಎಲ್ಲಾ ಲಸಿಕೆ ಹಾಕ್ಸಿದೀವಿ, ಕಾರ್ಡ್ ಇದೆ, ಆದ್ರೂ ಬರತ್ತಾ? ಹೊರಗಿನವ್ರ ರಕ್ತ ಬೇಡ, ನಮ್ಮವ್ರದ್ದೇ ಕೊಡೋಣ ಅಂತ ಮನೇಲಿ ಹೇಳ್ತಿದಾರೆ. ಬಂದ್ಬಿಟ್ರೆ ಕೀಮೋ ನಿಲ್ಲಿಸ್ಬಿಡ್ತಾರಾ? ನಮ್ಮಕ್ಕನ ಮಗಳಿಗೆ ಥಲಸ್ಸೀಮಿಯಾ (ರಕ್ತ ಸರಿಯಾಗಿ ತಯಾರಾಗದ ಕಾಯಿಲೆ) ಇದೆ, ಅವಳಿಗೂ ಇದೇ ಭಯಾನಾ?

ಉತ್ತರ: ಮೊದ್ಲು ನಿಮ್ಮ ಎದೆ ಮೇಲಿರೋ ಭಾರ ಇಳಿಸ್ತೀನಿ. ಆ ಹುಡುಗಿ ಪಕ್ಕ ಕೂತಿದ್ದಕ್ಕೆ, ಅವಳ ಜೊತೆ ಆಟ ಆಡಿದ್ದಕ್ಕೆ, ಒಂದೇ ಬಿಸ್ಕೆಟ್ ಪ್ಯಾಕೆಟ್ ಹಂಚ್ಕೊಂಡಿದ್ದಕ್ಕೆ ನಿಮ್ಮ ಮಗನಿಗೆ ಹೆಪಟೈಟಿಸ್ ಬಿ ಬರಲ್ಲ. ಕೆಮ್ಮು, ಸೀನು, ಊಟ, ನೀರು, ತಬ್ಕೊಳ್ಳೋದು, ಒಂದೇ ಟಾಯ್ಲೆಟ್ ಬಳಸೋದು, ಇದ್ಯಾವ್ದರಿಂದಲೂ ಈ ವೈರಸ್ ಹರಡಲ್ಲ. ಇದು ಲಿವರ್ ಹಾಳು ಮಾಡೋ, ರಕ್ತದ ಮೂಲಕ ಹರಡೋ ವೈರಸ್. ಹಾಗಾಗಿ ನಿಮ್ಮ ಗಮನ ಇರ್ಬೇಕಾಗಿರೋದು ಆ ಮಗುವಿನ ಮೇಲಲ್ಲ, ಇಬ್ರು ಮಕ್ಕಳ ಕೈಗೂ ಹೋಗೋ ಸೂಜಿ, ಸಿರಿಂಜ್, ಸಲೈನ್ ಬಾಟ್ಲಿ ಮೇಲೆ. ಇನ್ನೊಂದು ಮಾತು, ದಯವಿಟ್ಟು ಆ ತಾಯಿ ಜೊತೆ ಮಾತು ಬಿಡ್ಬೇಡಿ, ಕ್ಯಾನ್ಸರ್ ಅನ್ನೋ ಮಾತನ್ನೇ ಜೀರ್ಣಿಸ್ಕೊಳ್ಳೋಕಾಗದೆ ಇರೋ ಹೆಂಗಸು ಅವ್ರು, ಅದ್ರ ಮೇಲೆ ಇದು ಬೇರೆ, ಈಗ ಉಳಿದವ್ರೆಲ್ಲಾ ಚೇರ್ ದೂರ ಎಳ್ಕೊಂಡ್ರೆ ಏನಾಗತ್ತೆ ಯೋಚ್ನೆ ಮಾಡಿ.

ಕೀಮೋ ಮಕ್ಕಳಿಗೆ ಈ ರಿಸ್ಕ್ ಬೇರೆ ಮಕ್ಕಳಿಗಿಂತ ಯಾಕೆ ಜಾಸ್ತಿ ಅಂತ ಹೇಳ್ತೀನಿ. ಒಂದು, ರಕ್ತ ಮತ್ತೆ ಪ್ಲೇಟ್‌ಲೆಟ್ ಪದೇ ಪದೇ ಬೇಕಾಗತ್ತೆ. ಎರಡು, ಚರ್ಮ ಚುಚ್ಚೋ ಕೆಲ್ಸ ಲೆಕ್ಕವಿಲ್ಲದಷ್ಟು ಸಲ ಆಗತ್ತೆ, ಕ್ಯಾನುಲಾ, ಬ್ಲಡ್ ಟೆಸ್ಟ್, ಬೆನ್ನಿಗೆ ಕೊಡೋ ಇಂಜೆಕ್ಷನ್, ಬೋನ್ ಮ್ಯಾರೋ, ಔಷಧಿ ಕೊಡೋಕೆ ರಕ್ತನಾಳದೊಳಗೆ ಇಟ್ಟಿರೋ ಪಿಕ್ ಲೈನ್ ಅಥವಾ ಕೀಮೋ ಪೋರ್ಟ್ ಫ್ಲಶ್ ಮಾಡೋದು, ಅಂದ್ರೆ ಸಲೈನ್ ಬಿಟ್ಟು ತೊಳೆಯೋದು. ಮೂರನೇದು, ಇದು ಜನಕ್ಕೆ ಗೊತ್ತಿಲ್ಲದೇ ಇರೋದು, ಕೀಮೋ ಅನ್ನೋದು ಲಸಿಕೆಯಿಂದ ಬಂದಿದ್ದ ರಕ್ಷಣೇನೂ ಅಳಿಸಿಹಾಕ್ಬೋದು. ಎಎಲ್‌ಎಲ್ ಅಂದ್ರೆ ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಕ್ಯಾನ್ಸರ್, ಅದಕ್ಕೆ ಕೊಡೋ ಔಷಧಿಗಳು ಕೆಟ್ಟ ಲಿಂಫೋಸೈಟ್ ಜೊತೆ ಒಳ್ಳೇವನ್ನೂ ಕೊಲ್ತವೆ, ಹುಟ್ಟಿದಾಗ ಹಾಕ್ಸಿದ ಲಸಿಕೆಯ ನೆನಪು ಕೂತಿರೋದೇ ಆ ಒಳ್ಳೇ ಜೀವಕೋಶಗಳಲ್ಲಿ.

ಹಾಗಾಗಿ ಕಾರ್ಡಲ್ಲಿ ಎಲ್ಲಾ ಟಿಕ್ ಆಗಿದೆ ಅನ್ನೋದು ಒಳ್ಳೇ ವಿಷ್ಯ, ಆದ್ರೆ ಸಾಕಾಗಲ್ಲ. ಹುಟ್ಟಿದ 24 ಗಂಟೆ ಒಳಗೆ ಒಂದು ಡೋಸ್, ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಅನ್ನೋ ಐದು ರೋಗದ ಲಸಿಕೆ ಒಳಗೇ ಸೇರಿರೋ ಮೂರು ಡೋಸ್, ಸರ್ಕಾರಿ ಶೆಡ್ಯೂಲ್ ಇದೇ. ಆರೋಗ್ಯವಾಗಿರೋ ಮಗೂಗೆ ಕೆಲವು ವರ್ಷ ಆದ್ಮೇಲೆ ರಕ್ತದಲ್ಲಿ ವೈರಸ್ ತಡೆಯೋ ಆಂಟಿಬಾಡಿ ಕಮ್ಮಿ ಆದ್ರೂ ಪರವಾಗಿಲ್ಲ, ವೈರಸ್ ಒಳಗೆ ಬಂದ ಕೂಡ್ಲೇ ದೇಹ ನೆನಪು ಮಾಡ್ಕೊಂಡು ಮತ್ತೆ ತಯಾರು ಮಾಡತ್ತೆ. ಕೀಮೋದಲ್ಲಿರೋ ಮಗೂಗೆ ಆ ಭರವಸೆ ಇಲ್ಲ. ಇದಕ್ಕೇ ನಿಮ್ಮ ಡಾಕ್ಟರ್ ಹತ್ರ ಆಂಟಿ ಎಚ್‌ಬಿಎಸ್ ಟೈಟರ್ ಅನ್ನೋ, ಆ ಆಂಟಿಬಾಡಿ ಎಷ್ಟಿದೆ ಅಂತ ಅಳೆಯೋ ಟೆಸ್ಟ್ ಬಗ್ಗೆ ಕೇಳಿ. ರಿಪೋರ್ಟಲ್ಲಿ ಒಂದು ಸಂಖ್ಯೆ ಬರತ್ತೆ, 10ಕ್ಕಿಂತ ಕಮ್ಮಿ ಇದ್ರೆ ರಕ್ಷಣೆ ಇಲ್ಲ ಅಂತ ತಿಳ್ಕೊಳ್ಬೇಕು, 100ರ ಮೇಲಿದ್ರೆ ಇಂಥ ಮಕ್ಕಳ ವಿಷ್ಯದಲ್ಲಿ ನನಗೆ ಸಮಾಧಾನ.

ಅದರ ಜೊತೆಗೇ ಎಚ್‌ಬಿಎಸ್‌ಎಜಿ ಮತ್ತೆ ಆಂಟಿ ಎಚ್‌ಬಿಸಿ ಟೋಟಲ್ ಕೂಡ ಆಗ್ಬೇಕು. ಎಚ್‌ಬಿಎಸ್‌ಎಜಿ ಅಂದ್ರೆ ವೈರಸ್ಸಿನ ಮೇಲ್ಮೈ ಪ್ರೋಟೀನ್, ಅದು ಪಾಸಿಟಿವ್ ಬಂದ್ರೆ ವೈರಸ್ ಈಗ ದೇಹದಲ್ಲಿದೆ ಅಂತ. ಆಂಟಿ ಎಚ್‌ಬಿಸಿ ಅನ್ನೋದು ವೈರಸ್ ಯಾವಾಗ್ಲೋ ಒಂದ್ಸಲ ಬಂದುಹೋಗಿದೆ ಅಥವಾ ಈಗ್ಲೂ ಇದೆ ಅನ್ನೋದಕ್ಕೆ ಗುರುತು, ಲಸಿಕೆಯಿಂದ ಅದು ಯಾವತ್ತೂ ಪಾಸಿಟಿವ್ ಆಗಲ್ಲ. ಇಲ್ಲೊಂದು ಗೊಂದಲ ಇದೆ, ತುಂಬಾ ಅಪ್ಪ ಅಮ್ಮಂದಿರು ಆಂಟಿ ಎಚ್‌ಬಿಸಿ ಪಾಸಿಟಿವ್ ಅಂತ ನೋಡಿ ಅಳ್ತಾ ಬರ್ತಾರೆ. ನಮ್ಮ ಬ್ಲಡ್ ಬ್ಯಾಂಕ್‌ಗಳಲ್ಲಿ ದಾನಿಗಳಿಗೆ ಎಚ್‌ಬಿಎಸ್‌ಎಜಿ ಟೆಸ್ಟ್ ಕಡ್ಡಾಯ, ಆದ್ರೆ ಆಂಟಿ ಎಚ್‌ಬಿಸಿ ಕಡ್ಡಾಯ ಅಲ್ಲ, ಹಾಗಾಗಿ ಹಿಂದೆ ಯಾವಾಗ್ಲೋ ಸೋಂಕು ಆಗಿ ವಾಸಿಯಾಗಿರೋ ದಾನಿಯ ರಕ್ತದ ಜೊತೆ ಅವ್ರ ಆಂಟಿಬಾಡಿನೂ ಮಗುವಿನೊಳಗೆ ಬಂದಿರತ್ತೆ, ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ಅಂದ್ರೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ರೂ ಹೀಗೇ. ಕೆಲವು ವಾರ, ತಿಂಗಳು ಆದ್ಮೇಲೆ ಅದು ತಾನಾಗೇ ಮಾಯ ಆಗತ್ತೆ. ಸಂಶಯ ಇದ್ರೆ ಹೆಪಟೈಟಿಸ್ ಬಿ ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಗೊತ್ತಾಗತ್ತೆ. ಟೈಟರ್‌ಗೂ ಇದೇ ಮಾತು, ರಕ್ತ ಅಥವಾ ಇಮ್ಯುನೊಗ್ಲಾಬ್ಯುಲಿನ್ ಹತ್ತಿಸಿದ ಬೆನ್ನಿಗೇ ಟೈಟರ್ ಮಾಡಿಸಿ ಜಾಸ್ತಿ ಬಂತು ಅಂತ ಖುಷಿಪಡ್ಬೇಡಿ, ಅದು ದಾನಿಯದ್ದೇ ಇರ್ಬೋದು. ಆದಷ್ಟೂ ಟ್ರಾನ್ಸ್‌ಫ್ಯೂಶನ್‌ಗೆ ಮುಂಚೆ ರಕ್ತ ತೆಗೆಸಿ. ಲಸಿಕೆ ಹಾಕ್ಸಿದ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಿದ್ರೆ ಲಸಿಕೇಲಿರೋ ಪ್ರೋಟೀನೇ ಪಾಸಿಟಿವ್ ತೋರಿಸ್ಬೋದು, ಅದೂ ತಲೇಲಿರ್ಲಿ.

ರಕ್ತದ ವಿಷ್ಯ. ನಮ್ಮ ದೇಶದಲ್ಲಿ ಪ್ರತಿ ಯೂನಿಟ್ ರಕ್ತಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಟೆಸ್ಟ್ ಆಗ್ಲೇಬೇಕು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 1998ರಿಂದ ದುಡ್ಡಿಗೆ ರಕ್ತ ಮಾರೋದು ನಿಷೇಧ ಆಗಿದೆ. ಹಳೇ ಕಾಲಕ್ಕೆ ಹೋಲಿಸಿದ್ರೆ ಈಗ ರಕ್ತ ತುಂಬಾ ಸೇಫ್. ಆದ್ರೆ ಪೂರ್ತಿ ಸೊನ್ನೆ ರಿಸ್ಕ್ ಅಂತ ಯಾರೂ ಹೇಳಕ್ಕಾಗಲ್ಲ, ಯಾಕಂದ್ರೆ ದಾನಿಗೆ ಹೊಸದಾಗಿ ಸೋಂಕು ಆಗಿದ್ರೆ ಎಚ್‌ಬಿಎಸ್‌ಎಜಿ ಎಲಿಸಾ ಅನ್ನೋ ಮಾಮೂಲಿ ಟೆಸ್ಟಲ್ಲಿ ಕಾಣಿಸ್ಕೊಳ್ಳೋಕೆ ಒಂದರಿಂದ ಎರಡು ತಿಂಗಳು ಬೇಕಾಗ್ಬೋದು, ಇದನ್ನೇ ವಿಂಡೋ ಪೀರಿಯಡ್ ಅನ್ನೋದು. ನ್ಯಾಟ್ ಅನ್ನೋ ಟೆಸ್ಟ್ ವೈರಸ್ಸಿನ ಡಿಎನ್‌ಎನೇ ಹುಡುಕೋದ್ರಿಂದ ಆ ಗ್ಯಾಪ್ ಚಿಕ್ಕದಾಗತ್ತೆ, ಆದ್ರೆ ನ್ಯಾಟ್ ಎಲ್ಲಾ ಕಡೆ ಕಡ್ಡಾಯ ಇಲ್ಲ, ಖರ್ಚೂ ಜಾಸ್ತಿ. ಬೆಂಗಳೂರಲ್ಲಿ ನ್ಯಾಟ್ ಮಾಡೋ ಬ್ಲಡ್ ಬ್ಯಾಂಕ್‌ಗಳು ಇವೆ, ನಿಮ್ಮ ಆಸ್ಪತ್ರೆಗೆ ಎಲ್ಲಿಂದ ಬರತ್ತೆ ಅಂತ ಕೇಳಿ ತಿಳ್ಕೊಳ್ಳಿ. ರಕ್ತವನ್ನ ರೇಡಿಯೇಷನ್ ಕೊಟ್ಟು ಕೊಡ್ತಾರಲ್ಲ, ಫಿಲ್ಟರ್ ಹಾಕಿ ಕೊಡ್ತಾರಲ್ಲ, ಅದ್ರಲ್ಲೇ ವೈರಸ್ ಸಾಯತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಹಾಗಿಲ್ಲ. ಅವೆರಡೂ ದಾನಿಯ ಬಿಳಿ ರಕ್ತಕಣದಿಂದ ಆಗೋ ತೊಂದ್ರೆ ತಪ್ಪಿಸೋಕೆ, ಹೆಪಟೈಟಿಸ್ ಬಿ ಮೇಲೆ ಅವುಗಳ ಆಟ ನಡಿಯಲ್ಲ.

ನಮ್ಮವ್ರದ್ದೇ ರಕ್ತ ಅನ್ನೋ ಯೋಚ್ನೆ ಬಗ್ಗೆ ಸ್ವಲ್ಪ ಖಡಕ್ಕಾಗೇ ಹೇಳ್ತೀನಿ, ಬೇಡ. ಚಿಕ್ಕಪ್ಪನಿಗೋ ಸೋದರಮಾವನಿಗೋ ಹೆಪಟೈಟಿಸ್ ಬಿ ಇದ್ರೂ ಅವ್ರಿಗೇ ಗೊತ್ತಿರಲ್ಲ, ಈ ವೈರಸ್ ಇರೋ ಹೆಚ್ಚಿನವ್ರಿಗೆ ವರ್ಷಗಟ್ಲೆ ಯಾವ ತೊಂದ್ರೇನೂ ಇರಲ್ಲ. 2022ರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನ ಹೆಪಟೈಟಿಸ್ ಬಿ ಜೊತೆ ಬದುಕ್ತಿದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮನೆಯವ್ರು ಅಂದ್ಮೇಲೆ ಮಗು ಪರಿಸ್ಥಿತಿ ನೋಡಿ, ಮುಲಾಜಿಗೆ ಬಿದ್ದು, ಫಾರ್ಮಲ್ಲಿ ಕೇಳೋ ಪ್ರಶ್ನೆಗಳಿಗೆ ನಿಜ ಹೇಳದೇ ಇರೋ ಸಾಧ್ಯತೇನೂ ಇರತ್ತೆ. ವರ್ಷಕ್ಕೆ ಮೂರ್ನಾಲ್ಕು ಸಲ ತಾವಾಗೇ ಬಂದು ಕೊಟ್ಟು, ಪ್ರತಿ ಸಲಾನೂ ಟೆಸ್ಟ್ ಆಗಿರೋ ಸ್ವಯಂಪ್ರೇರಿತ ದಾನಿಯ ರಕ್ತವೇ ಎಲ್ಲಕ್ಕಿಂತ ಸೇಫ್. ಹತ್ತಿರದ ಸಂಬಂಧಿಕರ ರಕ್ತದಲ್ಲಿ ಬೇರೆ ಅಪಾಯಾನೂ ಇದೆ, ಅವ್ರ ಬಿಳಿ ರಕ್ತಕಣಗಳು ಮಗುವಿನ ಮೇಲೇ ದಾಳಿ ಮಾಡೋ ಒಂದು ಅಪರೂಪದ ಆದ್ರೆ ಜೀವ ತೆಗೆಯೋ ತೊಂದ್ರೆ. ನಿಮ್ಮವ್ರಿಗೆ ಸಹಾಯ ಮಾಡ್ಬೇಕು ಅಂತಿದ್ರೆ ಬ್ಲಡ್ ಬ್ಯಾಂಕಿಗೆ ಹೋಗಿ ಯಾರಿಗಾದ್ರೂ ಆಗ್ಲಿ ಅಂತ ಕೊಟ್ಟು ಬರ್ಲಿ. ಪ್ಲೇಟ್‌ಲೆಟ್ ಬೇಕಾದಾಗ ಸಾಧ್ಯ ಇದ್ರೆ ಎಸ್‌ಡಿಪಿ ಕೇಳಿ, ಅದು ಒಬ್ಬ ದಾನಿಯಿಂದ ಬರತ್ತೆ, ಮಾಮೂಲಿ ಪ್ಲೇಟ್‌ಲೆಟ್ ಆದ್ರೆ ಪ್ರತಿ ಚಿಕ್ಕ ಬ್ಯಾಗಿಗೂ ಬೇರೆ ಬೇರೆ ದಾನಿ. ಆದ್ರೆ ಎಸ್‌ಡಿಪಿ ಸಿಗ್ಲಿಲ್ಲ ಅಂತ ರಕ್ತಸ್ರಾವ ಆಗ್ತಿರೋ ಮಗೂನ ಕಾಯಿಸ್ಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ವಿಷ್ಯಕ್ಕೆ ಬರ್ತೀನಿ. ಒಂದೇ ಡೇ ಕೇರಲ್ಲಿ ಒಂದಾದ್ಮೇಲೊಂದು ಮಗು ಪಾಸಿಟಿವ್ ಆದ್ರೆ ಜನ ಮೊದ್ಲು ಬ್ಲಡ್ ಬ್ಯಾಂಕನ್ನ ಬಯ್ತಾರೆ, ಆದ್ರೆ ಅಷ್ಟೇ ಗಟ್ಟಿಯಾಗಿ ಅನುಮಾನ ಪಡ್ಬೇಕಾಗಿರೋದು ಟ್ರೇ ಮೇಲಿರೋ ಸಲೈನ್ ಬಾಟ್ಲಿ ಮೇಲೆ. 1990ರ ದಶಕದ ಕೊನೇಲಿ ಲಾಟ್ವಿಯಾ ದೇಶದ ಒಂದು ಮಕ್ಕಳ ಕ್ಯಾನ್ಸರ್ ವಾರ್ಡಲ್ಲಿ ಹೆಪಟೈಟಿಸ್ ಬಿ ಮತ್ತೆ ಸಿ ಎರಡೂ ಅನೇಕ ಮಕ್ಕಳಿಗೆ ಹರಡಿತ್ತು, ತನಿಖೆ ಮಾಡಿದ ಡಾಕ್ಟರ್‌ಗಳ ಬೆರಳು ತಿರುಗಿದ್ದು ವಾರ್ಡಿನೊಳಗಿನ ಅಭ್ಯಾಸಗಳ ಕಡೆಗೇ, ಒಂದೇ ಬಾಟ್ಲಿಯಿಂದ ತುಂಬಾ ಮಕ್ಕಳಿಗೆ ಔಷಧಿ, ಫ್ಲಶ್ ತೆಗೆಯೋದು. ನಮ್ಮಲ್ಲೂ 2009ರ ಶುರುವಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಊರಿಗೇ ಹರಡಿ ಎಷ್ಟೋ ಜನ ಸತ್ತೇ ಹೋದ್ರು. ಅವ್ರೇನು ಕೀಮೋ ತಗೊಳ್ತಿದ್ದವ್ರಲ್ಲ, ಸಣ್ಣಪುಟ್ಟ ಕಾಯಿಲೆಗೆ ಇಂಜೆಕ್ಷನ್ ಹಾಕ್ಸ್ಕೊಂಡ ಸಾಮಾನ್ಯ ಜನ.

ಹೇಗಾಗತ್ತೆ ಅಂತ ಹತ್ತಿರದಿಂದ ನೋಡಿ. ಬೆಳಗ್ಗೆ ಒಂದು ನೂರು ಎಂಎಲ್ ಸಲೈನ್ ಬಾಟ್ಲಿ ಓಪನ್ ಮಾಡ್ತಾರೆ, ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿ ಅಲ್ಲೇ ಬಿಡ್ತಾರೆ, ಪ್ರತಿ ಮಗೂಗೂ ಫ್ಲಶ್ ಬೇಕಾದಾಗ ಅದ್ರಿಂದಲೇ ಎಳ್ಕೊಳ್ತಾರೆ. ಒಂದು ಮಗುವಿನ ಲೈನ್ ಫ್ಲಶ್ ಮಾಡುವಾಗ ರಕ್ತ ವಾಪಸ್ ಬರ್ತಿದ್ಯಾ ಅಂತ ಸಿರಿಂಜ್ ಹಿಂದಕ್ಕೆ ಎಳೀತಾರೆ, ಅದು ಮಾಡ್ಲೇಬೇಕಾದ ಕೆಲ್ಸ, ಆಮೇಲೆ ಸಲೈನ್ ಸಾಲ್ಲಿಲ್ಲ ಅಂತ ಗಡಿಬಿಡೀಲಿ ಅದೇ ಸಿರಿಂಜನ್ನ ಮತ್ತೆ ಬಾಟ್ಲಿಗೆ ಹಾಕಿದ್ರೆ ಮುಗೀತು, ಸೂಜಿ ಮಾತ್ರ ಬದಲಾಯಿಸಿ ಸಿರಿಂಜ್ ಅದೇ ಇಟ್ಕೊಂಡ್ರೂ ಅಷ್ಟೇ. ಬಾಟ್ಲಿ ಬಣ್ಣ ಬದಲಾಗಲ್ಲ, ಕಣ್ಣಿಗೆ ಏನೂ ಕಾಣಲ್ಲ. ಈ ವೈರಸ್ ಎಷ್ಟು ಹರಡೋ ಸ್ವಭಾವದ್ದು ಅಂದ್ರೆ ಸೋಂಕಿತರಿಗೆ ಚುಚ್ಚಿದ ಸೂಜಿ ಲಸಿಕೆ ಆಗದಿರೋ ಒಬ್ಬ ನರ್ಸಿಗೆ ಆಕಸ್ಮಿಕವಾಗಿ ಚುಚ್ಚಿದ್ರೆ ಎಚ್‌ಐವಿ ಬರೋ ಸಾಧ್ಯತೆ ಸಾವಿರಕ್ಕೆ 3ರಷ್ಟು, ಹೆಪಟೈಟಿಸ್ ಬಿ ಆದ್ರೆ ನೂರಕ್ಕೆ 30ರವರೆಗೂ ಹೋಗ್ಬೋದು. ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರತ್ತೆ.

ಹಾಗಾಗಿ ನೀವು ನೋಡ್ಬೇಕಾದ್ದು ಇಷ್ಟು: ಸಿರಿಂಜ್ ಪ್ಯಾಕೆಟ್ ನಿಮ್ಮ ಕಣ್ಮುಂದೆ ಒಡೀತಿದೆಯಾ, ಫ್ಲಶ್‌ಗೆ ನಿಮ್ಮ ಮಗನದ್ದೇ ಅಂತ ಬೇರೆ 10 ಎಂಎಲ್ ಆಂಪ್ಯೂಲ್ ಅಥವಾ ರೆಡಿ ತುಂಬಿದ ಸಿರಿಂಜ್ ಇದೆಯಾ, ಲೈನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ಹೆಪಾರಿನ್ ಔಷಧಿಯ ವಯಲ್ (ಚಿಕ್ಕ ಬಾಟ್ಲಿ) ಎಲ್ಲರಿಗೂ ಒಂದೇನಾ, ಒಂದು ಮಗು ಮುಟ್ಟಿ ಇನ್ನೊಂದು ಮಗು ಹತ್ರ ಬರುವಾಗ ಗ್ಲೌಸ್ ಬದಲಾಗ್ತಿದೆಯಾ. ಕೇಳೋಕೆ ಸಂಕೋಚ ಆಗತ್ತೆ ಗೊತ್ತು, ಸಿಸ್ಟರ್ ಕೋಪ ಮಾಡ್ಕೊಂಡ್ರೆ ಮಗೂಗೆ ಇಂಜೆಕ್ಷನ್ ಜೋರಾಗಿ ಹಾಕ್ತಾರೇನೋ ಅನ್ನೋ ಭಯಾನೂ ಇರತ್ತೆ, ಆದ್ರೂ ಕೇಳಿ. ಸಿಸ್ಟರ್, ಇದು ಹೊಸ ಸಿರಿಂಜ್ ಅಲ್ವಾ, ಅಂತ ಮೆತ್ತಗೆ ಕೇಳಿದ್ರೆ ಒಳ್ಳೇ ನರ್ಸ್ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಒಬ್ಬ ನರ್ಸ್ ಇಪ್ಪತ್ತು ಮೂವತ್ತು ಮಕ್ಕಳನ್ನ ನೋಡೋ ಕಡೆ ಇಂಥ ತಪ್ಪು ಆಗೋದು ಅವ್ರ ಕೆಟ್ಟತನದಿಂದಲ್ಲ, ಕೈ ಸಾಲದೇ ಇರೋದ್ರಿಂದ. ನಿಮ್ಮಂಥ ನಾಲ್ಕು ಜನ ಪೇರೆಂಟ್ಸ್ ಸೇರಿ, ಪ್ರತಿ ಮಗೂಗೂ ಬೇರೆ ಸಲೈನ್ ಕೊಡಿ, ಈಗ ಬರೋ ಎಲ್ಲಾ ಮಕ್ಕಳಿಗೂ ಒಂದ್ಸಲ ಟೆಸ್ಟ್ ಮಾಡ್ಸಿ ಅಂತ ಡಾಕ್ಟರ್ ಹತ್ರ ಬರಹದಲ್ಲಿ ಕೇಳಿದ್ರೆ ಅದು ಅವ್ರಿಗೂ ಮ್ಯಾನೇಜ್‌ಮೆಂಟ್ ಹತ್ರ ಹೋಗಿ ಮಾತಾಡೋಕೆ ಬಲ ಕೊಡತ್ತೆ.

ಪ್ರಸಂಗ ಬಂತು ಅಂತ ಒಂದು ಹಳೇ ವಿಷ್ಯ. ಈ ವೈರಸ್ ಪತ್ತೆಯಾಗೋಕೆ ನೆರವಾಗಿದ್ದೇ ನಿಮ್ಮ ಮಗನ ಥರ ಪದೇ ಪದೇ ರಕ್ತ ಪಡೆದ ರೋಗಿಗಳು. 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಅನ್ನೋ ವಿಜ್ಞಾನಿ, ತುಂಬಾ ಸಲ ರಕ್ತ ಪಡೆದಿದ್ದ ಹೀಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಂ (ರಕ್ತದ ತಿಳಿ ದ್ರವ) ಒಬ್ಬ ಆಸ್ಟ್ರೇಲಿಯಾದ ಮೂಲನಿವಾಸಿಯ ಸೀರಂ ಜೊತೆ ಪ್ರತಿಕ್ರಿಯೆ ತೋರಿಸಿದ್ದನ್ನ ಗಮನಿಸಿದ್ರು, ಆ ಮೂಲನಿವಾಸಿಯ ಸೀರಂನಲ್ಲಿದ್ದ ಪ್ರೋಟೀನಿಗೆ ಆಸ್ಟ್ರೇಲಿಯಾ ಆಂಟಿಜೆನ್ ಅಂತ ಹೆಸರಾಯ್ತು. ಅದು ಲ್ಯುಕೇಮಿಯಾ, ಅಂದ್ರೆ ಬ್ಲಡ್ ಕ್ಯಾನ್ಸರ್ ರೋಗಿಗಳಲ್ಲಿ ಜಾಸ್ತಿ ಸಿಕ್ಕಿದ್ರಿಂದ ಮೊದ್ಲು ಇದಕ್ಕೂ ಲ್ಯುಕೇಮಿಯಾಕ್ಕೂ ಏನೋ ನಂಟಿದೆ ಅನ್ಕೊಂಡಿದ್ರು, ಆಮೇಲೆ ಗೊತ್ತಾಯ್ತು ಅದು ಹೆಪಟೈಟಿಸ್ ವೈರಸ್ಸಿನ ಭಾಗ ಅಂತ. 1976ರಲ್ಲಿ ಅವ್ರಿಗೆ ನೊಬೆಲ್ ಬಂತು. ಹಳೇ ಲ್ಯಾಬ್ ರಿಪೋರ್ಟ್‌ಗಳಲ್ಲಿ ಆಸ್ಟ್ರೇಲಿಯಾ ಆಂಟಿಜೆನ್ ಅಂತ ಕಂಡ್ರೆ ಗಾಬರಿ ಬೇಡ, ಅದು ಎಚ್‌ಬಿಎಸ್‌ಎಜಿನೇ.

ಈಗ ಸೋಂಕು ಆಗಿದ್ರೆ ಹೇಗೆ ಗೊತ್ತಾಗತ್ತೆ? ಇಲ್ಲೇ ನಾವು ಮೋಸ ಹೋಗೋದು. ಕಾಮಾಲೆ ಬರತ್ತೆ, ಕಣ್ಣು ಹಳದಿ ಆಗತ್ತೆ ಅಂತ ಕಾಯ್ಬೇಡಿ. ಹೆಪಟೈಟಿಸಲ್ಲಿ ಲಿವರ್ ಹಾಳಾಗೋದು ಹೆಚ್ಚಾಗಿ ವೈರಸ್ಸಿನಿಂದಲ್ಲ, ಅದ್ರ ಮೇಲೆ ನಮ್ಮ ರೋಗನಿರೋಧಕ ಶಕ್ತಿ ಮಾಡೋ ದಾಳಿಯಿಂದ, ಕೀಮೋದಲ್ಲಿ ಆ ಶಕ್ತಿನೇ ಮಲಗಿರತ್ತೆ, ಹಾಗಾಗಿ ವೈರಸ್ ಆರಾಮಾಗಿ ಬೆಳೀತಾ ಹೋಗತ್ತೆ, ಮಗು ನೋಡೋಕೆ ಚೆನ್ನಾಗೇ ಇರತ್ತೆ. ಲಿವರ್ ಟೆಸ್ಟಲ್ಲಿ, ಲಿವರಿಗೆ ಪೆಟ್ಟಾದಾಗ ಏರೋ ಎಎಲ್‌ಟಿ ಸ್ವಲ್ಪ ಏರಿದ್ರೂ ಎಲ್ಲರೂ 6 ಎಂಪಿ, ಮೆಥೋಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿಗಳ ಎಫೆಕ್ಟ್ ಇರ್ಬೇಕು ಅಂತ ಸುಮ್ಮನಾಗ್ತಾರೆ, ಅದು ನಿಜಾನೂ ಹೌದು ಎಷ್ಟೋ ಸಲ, ಆದ್ರೆ ಒಂದು ಎಚ್‌ಬಿಎಸ್‌ಎಜಿ ಮಾಡದೇ ಹಾಗೆ ತೀರ್ಮಾನ ಮಾಡ್ಬಾರ್ದು. ಸೋಂಕು ಆದ್ಮೇಲೆ ಟೆಸ್ಟ್ ಪಾಸಿಟಿವ್ ಆಗೋಕೆ ಒಂದೆರಡು ತಿಂಗಳು ಬೇಕಾಗ್ಬೋದು, ಕಾಯಿಲೆ ಹೊರಗೆ ಕಾಣಿಸ್ಕೊಳ್ಳೋಕೆ 6 ತಿಂಗಳವರೆಗೂ ಹಿಡೀಬೋದು. ನಿಮ್ಮ ಮಗನಿಗೆ ಈಗೊಂದು ಟೆಸ್ಟ್, 3 ತಿಂಗಳಿಗೆ ಒಂದು, 6 ತಿಂಗಳಿಗೆ ಒಂದು, ಇಷ್ಟು ಆಗ್ಲಿ. ಕೀಮೋ ನಡೀವಷ್ಟು ದಿನವೂ ಆಗಾಗ ಮಾಡಿಸ್ತಾ ಇರೋದು ಒಳ್ಳೇದು.

ಟೈಟರ್ 10ಕ್ಕಿಂತ ಕಮ್ಮಿ ಬಂದು, ಜೊತೆಗೆ ಒಂದೇ ಸಿರಿಂಜ್ ಅಥವಾ ವಯಲ್ ಬಳಕೆ ಆಗಿದೆ ಅಂತ ನಿಜವಾಗ್ಲೂ ಗೊತ್ತಾದ್ರೆ, ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ಅಂತ ಇಂಜೆಕ್ಷನ್ ಇದೆ, ಅದನ್ನ ಲಸಿಕೆ ಜೊತೆ ಕೊಡ್ತಾರೆ, 24 ಗಂಟೆ ಒಳಗಾದ್ರೆ ಉತ್ತಮ, 7 ದಿನ ದಾಟಿದ್ರೆ ಪ್ರಯೋಜನ ಕಮ್ಮಿ. ಸುಮ್ನೆ ಪಕ್ಕದಲ್ಲಿ ಕೂತಿದ್ದಕ್ಕೆ ಅದು ಬೇಡ.

ಒಂದು ವೇಳೆ ಪಾಸಿಟಿವ್ ಬಂದ್ರೆ? ಕೀಮೋ ನಿಲ್ಲಿಸ್ಬಿಡ್ತಾರಾ ಅಂತ ಕೇಳಿದೀರಲ್ಲ, ಇದನ್ನ ನೀವು ಗಟ್ಟಿಯಾಗಿ ಮನಸಲ್ಲಿಟ್ಕೊಳ್ಳಿ, ನಿಲ್ಲಿಸೋ ಹಾಗಿಲ್ಲ. ಅವನ ಜೀವಕ್ಕೆ ಈಗ ದೊಡ್ಡ ಶತ್ರು ಲ್ಯುಕೇಮಿಯಾ, ಹೆಪಟೈಟಿಸ್ ಬಿ ಅಲ್ಲ. ಹೆಪಟೈಟಿಸ್ ಬಿ ಅನ್ನ ಹಿಡಿತದಲ್ಲಿಡೋಕೆ ಒಳ್ಳೇ ಮಾತ್ರೆಗಳಿವೆ, ಎಂಟೆಕಾವಿರ್, ಟೆನೊಫೊವಿರ್, ಎರಡೂ 2 ವರ್ಷ ದಾಟಿದ ಮಕ್ಕಳಿಗೆ ಕೊಡ್ಬೋದು. ಎಂಟೆಕಾವಿರ್ ಆದ್ರೆ ಖಾಲಿ ಹೊಟ್ಟೇಲಿ, ಊಟ ಆಗಿ 2 ಗಂಟೆ ಆದ್ಮೇಲೆ, ಮುಂದಿನ ಊಟಕ್ಕೆ ಇನ್ನೂ 2 ಗಂಟೆ ಇರುವಾಗ. ಡಿಎನ್‌ಎ ಎಷ್ಟಿದೆ, ಎಎಲ್‌ಟಿ ಎಷ್ಟಿದೆ ನೋಡಿ, ಎಎಲ್‌ಟಿ ತೀರಾ ಏರಿದ್ರೆ ಡಾಕ್ಟರ್ ಕೆಲವು ದಿನ ಡೋಸ್ ಕಮ್ಮಿ ಮಾಡ್ಬೋದು, ಗ್ಯಾಪ್ ಕೊಡ್ಬೋದು, ಅದು ಅವ್ರ ಲೆಕ್ಕಾಚಾರ, ನೀವಾಗೇ 6 ಎಂಪಿ ಮಾತ್ರೆ ನಿಲ್ಲಿಸ್ಬೇಡಿ. ಮಾತ್ರೆ ಶುರು ಮಾಡಿದ್ಮೇಲೆ ಕೀಮೋ ಪೂರ್ತಿ ಮುಗಿದು ಕನಿಷ್ಠ 6ರಿಂದ 12 ತಿಂಗಳವರೆಗೂ ಮುಂದುವರಿಸ್ಬೇಕು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಯಾಕಂದ್ರೆ ಈ ವೈರಸ್ ಲಿವರ್ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಉಳ್ಕೊಂಡಿರತ್ತೆ, ಕೀಮೋ ಮುಗಿದು ರೋಗನಿರೋಧಕ ಶಕ್ತಿ ಎದ್ದಾಗಲೇ ದಾಳಿ ಜೋರಾಗೋದು, ಕ್ಯಾನ್ಸರ್ ಗೆದ್ದ ಮಗು ಆ ಹೊತ್ತಲ್ಲಿ ಲಿವರ್ ಫೇಲ್ ಆಗಿ ಹೋಗೋದನ್ನ ತಪ್ಪಿಸೋದೇ ಈ ಮಾತ್ರೆ ಕೆಲ್ಸ. ಹಿಂದೆ ಸೋಂಕು ಆಗಿ ವಾಸಿಯಾಗಿದೆ ಅನ್ನೋರಲ್ಲೂ ಅದು ಮತ್ತೆ ಏಳ್ಬೋದು, ಸ್ಟೀರಾಯ್ಡ್ ಜಾಸ್ತಿ ಇದ್ದಾಗ, ಅದಕ್ಕಿಂತ ಹೆಚ್ಚಾಗಿ ರಿಟುಕ್ಸಿಮ್ಯಾಬ್ ಅನ್ನೋ ಕ್ಯಾನ್ಸರ್ ಔಷಧಿ ಕೊಟ್ಟಾಗ, ಹಾಗಾಗಿ ಲಿಂಫೋಮಾ (ಲಿಂಫ್ ಗಂಟುಗಳ ಕ್ಯಾನ್ಸರ್) ಮಕ್ಕಳ ಪೇರೆಂಟ್ಸ್ ಆ ಔಷಧಿ ಶುರುವಾಗೋ ಮುಂಚೆನೇ ಆಂಟಿ ಎಚ್‌ಬಿಸಿ ಆಗಿದ್ಯಾ ಅಂತ ಕೇಳ್ಲೇಬೇಕು. ಖರ್ಚಿನ ಚಿಂತೆ ಇದ್ರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟು, ಮಾತ್ರೆ ಎರಡೂ ಉಚಿತ, ನಿಮ್ಮ ಜಿಲ್ಲಾ ಆಸ್ಪತ್ರೇಲಿ ವಿಚಾರಿಸಿ.

ಮತ್ತೆ ಕೈ ಮುಗಿದು ಕೇಳ್ಕೊಳ್ತೀನಿ, ಕಾಮಾಲೆ ಅಂತ ಕಂಡ್ರೆ ನಾಟಿ ಔಷಧಿಗೆ ಓಡ್ಬೇಡಿ, ಕೈಗೆ ಬರೆ ಹಾಕ್ಸೋದು, ಕಣ್ಣಿಗೆ ಸೊಪ್ಪಿನ ರಸ ಬಿಡೋದು, ಏನೂ ಬೇಡ. ಬಿಳಿ ರಕ್ತಕಣ ಇಲ್ಲದ ಮಗೂಗೆ ಆ ಬರೆ ಗಾಯವೇ ಸೆಪ್ಸಿಸ್, ಅಂದ್ರೆ ಜೀವಕ್ಕೇ ಅಪಾಯ ತರೋ ಸೋಂಕು ಆಗ್ಬೋದು. ಹರಕೆ ಮುಡಿ ಕೊಡೋದಿದ್ರೆ ಕೌಂಟ್ಸ್, ಪ್ಲೇಟ್‌ಲೆಟ್ ಸರಿಯಾದ್ಮೇಲೆ ಕೊಡಿ, ದೇವ್ರು ಕಾಯ್ತಾನೆ, ಆಗ್ಲೂ ಹೊಸ ಬ್ಲೇಡನ್ನ ನಿಮ್ಮೆದುರು ಒಡೆದು ಹಾಕ್ಲಿ. ಟೂತ್ ಬ್ರಷ್, ನೇಲ್ ಕಟರ್ ಮನೇಲೂ ಅವನಿಗೆ ಬೇರೆನೇ ಇರ್ಲಿ, ಕೀಮೋದಲ್ಲಿ ವಸಡಿಂದ ರಕ್ತ ಬರೋದು ಮಾಮೂಲಿ. ನೀವು, ನಿಮ್ಮ ಯಜಮಾನ್ರು, ಮನೇಲಿರೋ ಉಳಿದ ಮಕ್ಕಳು ಎಲ್ಲರೂ ಒಂದ್ಸಲ ಎಚ್‌ಬಿಎಸ್‌ಎಜಿ ಮಾಡಿಸಿ, ನೆಗೆಟಿವ್ ಇದ್ದು ಲಸಿಕೆ ಆಗಿಲ್ದಿದ್ರೆ ಹಾಕ್ಸ್ಕೊಳ್ಳಿ.

ನಿಮ್ಮಕ್ಕನ ಮಗಳ ವಿಷ್ಯ ಸ್ವಲ್ಪ ಬೇರೆ. ಥಲಸ್ಸೀಮಿಯಾದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ರಕ್ತ ಬೇಕು, ಅಂದ್ರೆ ವರ್ಷಕ್ಕೆ ಹದಿನೈದಿಪ್ಪತ್ತು ಅಥವಾ ಇನ್ನೂ ಹೆಚ್ಚು ದಾನಿಗಳ ರಕ್ತ ಅವಳೊಳಗೆ ಹೋಗತ್ತೆ, ಒಬ್ಬೊಬ್ಬರ ರಿಸ್ಕ್ ಚಿಕ್ಕದಾದ್ರೂ ಕೂಡ್ತಾ ಹೋಗತ್ತೆ. ಆದ್ರೆ ಅವಳ ರೋಗನಿರೋಧಕ ಶಕ್ತಿ ಕೀಮೋ ಮಗುವಿನ ಥರ ಬಿದ್ದುಹೋಗಿಲ್ಲ, ಲಸಿಕೆ ಚೆನ್ನಾಗೇ ಹಿಡಿಯತ್ತೆ, ಅದೇ ಅವಳ ಕೈಲಿರೋ ದೊಡ್ಡ ಅಸ್ತ್ರ. ವರ್ಷಕ್ಕೊಮ್ಮೆ ಟೈಟರ್, ಕಮ್ಮಿ ಆದ್ರೆ ಬೂಸ್ಟರ್, ಆರು ತಿಂಗಳಿಗೊಮ್ಮೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಟೆಸ್ಟ್. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ ಅನ್ನೋದು ನೆನಪಿರ್ಲಿ, ಆದ್ರೆ ವಾಸಿ ಮಾಡೋ ಮಾತ್ರೆ ಇದೆ. ಅವಳ ಲಿವರಲ್ಲಿ ಕಬ್ಬಿಣದ ಅಂಶ ಬೇರೆ ತುಂಬ್ಕೊಂಡಿರೋದ್ರಿಂದ ಅದ್ರ ಜೊತೆ ವೈರಸ್ಸೂ ಸೇರಿದ್ರೆ ಲಿವರ್ ಬೇಗ ಗಟ್ಟಿಯಾಗತ್ತೆ, ಹಾಗಾಗಿ ಕಬ್ಬಿಣ ಕಮ್ಮಿ ಮಾಡೋ ಮಾತ್ರೆ ತಪ್ಪಿಸೋ ಹಾಗಿಲ್ಲ. ಮುಂದೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಯೋಚ್ನೆ ಇದ್ರೆ ಮನೆಯವ್ರ ರಕ್ತ ಅವಳಿಗಂತೂ ಖಂಡಿತ ಬೇಡ.

ಕೊನೇದಾಗಿ ನಿಮ್ಮ ಮಗನ ಲಸಿಕೆ. ಇದು ಜೀವಂತ ವೈರಸ್ ಇರೋ ಲಸಿಕೆ ಅಲ್ಲ, ಹಾಗಾಗಿ ಕೀಮೋದಲ್ಲೂ ಅದ್ರಿಂದ ಅಪಾಯ ಇಲ್ಲ, ಸಮಸ್ಯೆ ಅಂದ್ರೆ ಹಿಡಿಯೋದು ಕಮ್ಮಿ. ಕೀಮೋ ಜೋರಾಗಿರೋ ಇಂಟೆನ್ಸಿವ್ ಹಂತ ಮುಗಿದು, ಕಮ್ಮಿ ಡೋಸಿನ ಮೇಂಟೆನೆನ್ಸ್‌ಗೆ ಬಂದ್ಮೇಲೆ, ಟೈಟರ್ ಕಮ್ಮಿ ಇದ್ರೆ, ಡಾಕ್ಟರ್ ಡಬಲ್ ಡೋಸಲ್ಲಿ, ಅಂದ್ರೆ ಮಕ್ಕಳಿಗೆ ಮಾಮೂಲಿ ಕೊಡೋ 10 ಮೈಕ್ರೊಗ್ರಾಂ ಬದ್ಲು 20ರಂತೆ ಶುರು ಮಾಡ್ಬೋದು. ಪ್ಲೇಟ್‌ಲೆಟ್ ಚೆನ್ನಾಗಿರೋ ದಿನ ನೋಡಿ ತೊಡೆಗೆ ಅಥವಾ ತೋಳಿಗೆ ಹಾಕಿಸಿ, ಕುಂಡೆಗೆ ಬೇಡ, ಅಲ್ಲಿ ಹಾಕಿದ್ರೆ ಸರಿಯಾಗಿ ಹಿಡಿಯಲ್ಲ, ಹಾಕಿದ್ಮೇಲೆ ಐದು ನಿಮಿಷ ಹತ್ತಿ ಒತ್ತಿ ಹಿಡ್ಕೊಳ್ಳಿ, ಉಜ್ಜಬೇಡಿ. ಕೀಮೋ ಪೂರ್ತಿ ಮುಗಿದ 3ರಿಂದ 6 ತಿಂಗಳಿಗೆ ಮತ್ತೆ ಟೈಟರ್ ನೋಡಿಸಿ ಬೇಕಿದ್ರೆ ಇನ್ನೊಂದು ಕೋರ್ಸ್, 0, 1, 6 ತಿಂಗಳು. ಕಡೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಮತ್ತೆ ಟೈಟರ್ ಮಾಡ್ಸಿ, ಆ ರಿಪೋರ್ಟನ್ನ ಅವನ ಕೀಮೋ ಫೈಲಲ್ಲೇ ಮುಂದೆ ಕಾಣೋ ಹಾಗೆ ಇಡಿ.